ಇಪ್ಪತ್ತೆರಡಕ್ಕೆ ನಿಂತ ಗಂಟೆ

ತಮ್ಮಾ ಅಂಬ್ರೋಜೋ,

ಮೊನ್ನೆ ರಾಜ ಉಂಬೆರ್ತೊನನ್ನು ಮೊಂಜಾದಲ್ಲಿ ಯಾರೋ ಗುಂಡಿಕ್ಕಿ ಕೊಂದರು. ಎರಡು ವರ್ಷದ ಹಿಂದೆ ಮಿಲಾನಿನ ಬೀದಿಯಲ್ಲಿ ರೊಟ್ಟಿ ಕೇಳಿದ ನಿಮ್ಮ ಮೇಲೆ ಫಿರಂಗಿ ಹಾರಿಸಿದ ಸೇನಾಪತಿಗೆ ಪದಕ ಕೊಟ್ಟನಲ್ಲ, ಅದೇ ರಾಜ. ನಿನ್ನ ಸಾವಿಗೆ ಗಂಟೆ ಹೊಡೆಯಕೂಡದು ಎಂದಿದ್ದ ಪಾದ್ರಿಗಳೇ ಇವತ್ತು ಅಪ್ಪನನ್ನು ಗೋಪುರ ಹತ್ತಿಸಿದರು. ಸತ್ತವರ ವಯಸ್ಸೆಷ್ಟೋ ಅಷ್ಟು ಸಲ ಹೊಡೆಯುವುದು ನಮ್ಮೂರ ರೂಢಿಯಲ್ಲವೇ?

ಇಪ್ಪತ್ತೆರಡಾಯಿತು. ಅಪ್ಪ ಹಗ್ಗ ಬಿಟ್ಟುಬಿಟ್ಟ.

“ಏನಯ್ಯಾ ಬತ್ತಿಸ್ತಾ, ಮಹಾರಾಜರಿಗೆ ಐವತ್ತಾರಾಗಿತ್ತು ಕಣಯ್ಯಾ!” ಎಂದು ಪಾದ್ರಿಗಳು ಕೆಳಗಿನಿಂದ ಕೂಗಿದರು.

“ನನ್ ಮಗನಿಗೆ ಇಷ್ಟೇ ಆಗಿದ್ದು, ಸ್ವಾಮಿ.”

ನಾವಿರುವ ಮನೆ ಚರ್ಚಿನದು, ನೀನು ಮರೆತಿರಲಾರೆ. ಉಳಿದ ಮೂವತ್ತನಾಲ್ಕನ್ನು ನಿನ್ನಕ್ಕ ನಾನೇ ಹೊಡೆದೆ.

ಆಮೇಲೆ ಅಪ್ಪನನ್ನು ಊಟಕ್ಕೆ ಕರೆದೆ.

“ನೀನು ಉಣ್ಣು ತಾಯಿ,” ಎಂದ. “ರಾಜನಿಗೆ ದುಡಿದು ಬಂದಿದೀಯ.”