ರಾಮಾಂಜಿನಪ್ಪನ ಹೆಸರಿನ ಚಿಪ್ಪು

ಕೆಲಮಂಗಲ, ೧೯೮೮

ರಾಮಾಂಜಿ,

ನಾವಿಬ್ಬರೂ ಅಳೆದು, ಚಿತ್ರ ಬರೆದು ವಿವರಿಸುತ್ತಿದ್ದ ಆ ಟೋಪಿಯಾಕಾರದ ಪಳೆಯುಳಿಕೆ ಚಿಪ್ಪು, ನಮ್ಮ ಲಿಂಪೆಟ್, ಹೊಸ ಪ್ರಭೇದವೆಂದು ವಿಜ್ಞಾನ ಪತ್ರಿಕೆಯವರು ಕೊನೆಗೂ ಒಪ್ಪಿಕೊಂಡರು. ಲೇಖನದಲ್ಲಿ ಉಳಿದದ್ದನ್ನು ಒಬ್ಬಳೇ ಬರೆದು ಮುಗಿಸಿ, ಆ ಪ್ರಭೇದಕ್ಕೆ ನಿನ್ನ ಹೆಸರಿಟ್ಟಿದ್ದೆ.

ನೀನು ತೀರಿಕೊಂಡ ಮೇಲೆ ನಿಮ್ಮ ಮನೆಗೆ ಹೋಗಿರಲಿಲ್ಲ. ಇವತ್ತು ಹೆದರುತ್ತಲೇ ಹೋಗಿ ನಿಮ್ಮಮ್ಮನಿಗೆ ಹೇಳಿದೆ.

“ಅದು ಎಲ್ಲಿ ಬದುಕಿತ್ತವ್ವ?” ಎಂದರು.

“ಕೋಟ್ಯಂತರ ವರ್ಷದ ಹಿಂದೆ, ಸಮುದ್ರದ ತಳದಾಗೆ, ಮೀಥೇನ್ ಅನಿಲ ಸೋರೋ ಕಡೆ. ಅಲ್ಲಿ ಬಿಸಿಲೇ ಬೀಳಲ್ಲಮ್ಮ.”

“ಅಂಥಾ ಕಡೇನೂ ಬದುಕ್ತಾ? ಹಂಗಾದ್ರೆ ಅವನ ಹೆಸರು ಇಕ್ಕಿದ್ದು ಸರಿ ಕಣವ್ವ. ಅಷ್ಟು ಕಾಯ್ಲೇಲೂ ನಗ್ತಿದ್ದ.”

ಅಳುತ್ತಾರೆಂದುಕೊಂಡಿದ್ದೆ. ಅವರು ನಿನ್ನ ತುಂಟತನಗಳನ್ನು ಹೇಳಿ ನಕ್ಕರು. ನನಗೂ ನಗು ಬಂತು, ಎದೆ ಹಗುರಾಯಿತು.

“ಬತ್ತಾ ಇರವ್ವ. ನಿನ್ನತ್ರ ಆದ್ರೆ ಅವನ ಮಾತಾಡ್ಬೋದು” ಎಂದರು.

ಭಾನುವಾರ ಮತ್ತೆ ಹೋಗುತ್ತೇನೆ.

ಆದಿಲಕ್ಷ್ಮಿ