ಅಪ್ಪನ ಪಿಸುದನಿ

ಮನೆಯಿಂದ,
ಮಾರ್ಚ್ ೭, ಶನಿವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಬೆನ್ನುನೋವು ಕಡಿಮೆಯಾಯಿತೇ? ಲಾರಿ ಓಡಿಸುವವನು ನಡುನಡುವೆ ಇಳಿದು ನಾಲ್ಕು ಹೆಜ್ಜೆ ಓಡಾಡಬೇಕು ಎಂದು ಎಷ್ಟು ಸಲ ಬರೆದರೂ ನಿನಗೆ ಅದು ಕೋಣನ ಮುಂದೆ ಕಿನ್ನರಿ. ನಿನ್ನ ಹೆಂಡತಿಗೆ ಹೇಳು, ಅವಳು ಕಳಿಸಿದ ಬ್ಲೌಸಿನ ಅಳತೆ ಸಿಕ್ಕಿದೆ, ಹೊಲಿಗೆ ಮುಗಿಯುತ್ತಾ ಬಂತು.

ಅಪ್ಪ ಗಟ್ಟಿಯಾಗಿದ್ದಾರೆ, ಕಿವಿಯೊಂದನ್ನು ಬಿಟ್ಟು. ಆಯುಷ್ಯವೆಲ್ಲ ಅಚ್ಚಿನ ಯಂತ್ರದ ಪಕ್ಕ ಕಳೆದ ಕಿವಿ, ಈ ವರ್ಷ ಪೂರ್ತಿ ಕೈಕೊಟ್ಟಿತು. ದೇವರ ಮುಂದೆ ಕೂತು ತುಟಿ ಮಾತ್ರ ಅಲ್ಲಾಡಿಸಿ ಏನೇನೋ ಬೇಡಿಕೊಳ್ಳುತ್ತಿದ್ದರಲ್ಲ, ಈಗಲೂ ಹಾಗೇ ಪಿಸುಗುಡುತ್ತಿದ್ದೇನೆಂದು ಅವರ ನಂಬಿಕೆ. ದನಿ ಬೀದಿಗೆ ಕೇಳುತ್ತದೆ! ಮೊನ್ನೆ ಮುಂದಿನ ಕೋಣೆಯಲ್ಲಿ ಗಿರಾಕಿಯೊಬ್ಬರ ತೋಳಿನ ಅಳತೆ ತೆಗೆಯುತ್ತಿದ್ದೆ. ಒಳಗಿನಿಂದ, “ಸ್ವಾಮೀ, ಅಳಿಯನ ಗೊರಕೆ ಕಮ್ಮಿ ಮಾಡಪ್ಪಾ, ಮಗಳ ಕೈಗೆ ಉಪ್ಪಿನ ಹದ ಕೊಡಪ್ಪಾ” ಎಂದು ಬಂತು. ಗಿರಾಕಿ ನಕ್ಕ ನಗುವಿಗೆ ಅಳತೆಯೇ ತಪ್ಪಿತು. ನಿನ್ನ ಭಾವ ಈಗ ಪೂಜೆ ಮುಗಿಯುವವರೆಗೆ ಬಚ್ಚಲುಮನೆ ಬಿಟ್ಟು ಬರುವುದಿಲ್ಲ.

ನಗು ಸಾಕು. ಅಮ್ಮನ ಸೂತಕ ಕಳೆದು ಅಪ್ಪ ಮತ್ತೆ ಪೂಜೆಗೆ ಕೂತ ದಿನ ನೀನು, “ಇಷ್ಟು ವರ್ಷ ಕಲ್ಲಿಗೆ ನೀರು ಹೊಯ್ದು ಏನು ಸಿಕ್ತು?” ಅಂದೆ. ಅಪ್ಪ, “ಇನ್ಮೇಲೆ ಸಂಕಲ್ಪದಲ್ಲಿ ನಿನ್ನ ಹೆಸರು ಬರಲ್ಲ, ಹೋಗು” ಅಂದರು. ನೀನು ಹೋದೆ. ಮನೆಯವರ ಹೆಸರನ್ನೆಲ್ಲ ಎತ್ತಿ ಒಳ್ಳೆಯದು ಬೇಡುವ ಆ ಸಂಕಲ್ಪವನ್ನು ಮಾತ್ರ ಅವರು ಮೊದಲಿನಿಂದಲೂ ಗಟ್ಟಿಯಾಗಿಯೇ ಹೇಳುತ್ತಿದ್ದರು. ನೀನು ಹೋದ ಮೇಲೆ ಅದರಲ್ಲಿ ನನ್ನ ಹೆಸರು, ಭಾವನ ಹೆಸರು, ಆಮೇಲೆ ಸ್ವಲ್ಪ ಹೊತ್ತು ಮೌನ. ವಯಸ್ಸಾಯಿತು, ಉಸಿರು ಸಾಲದು ಎಂದುಕೊಂಡಿದ್ದೆ. ಅದು ಮೌನವಾಗಿರಲಿಲ್ಲ ತಮ್ಮಾ. ಈಗ ಅದೇ ಜಾಗದಲ್ಲಿ ನಿನ್ನ ಹೆಸರು ಕೇಳಿಸುತ್ತದೆ. ಅದರ ಜೊತೆಗೇ ಅವರು ಇನ್ನೂ ಮುಖ ನೋಡದ ಸೊಸೆಯ ಹೆಸರು. “ರಾತ್ರಿಯೆಲ್ಲ ರಸ್ತೆ ಮೇಲಿರ್ತಾನೆ, ನಿದ್ದೆ ಕಣ್ಣಿಗೆ ಹತ್ತದ ಹಾಗೆ ನೋಡ್ಕೊಳ್ಳಪ್ಪಾ” ಎಂದು ಒಂದು ಮಾತು. ಮೊದಲ ಸಲ ಕೇಳಿದಾಗ ಕತ್ತರಿ ಕೆಳಗಿಟ್ಟು ಅತ್ತುಬಿಟ್ಟೆ.

ಎದುರಿಗೆ ನಿನ್ನ ಸುದ್ದಿ ಎತ್ತಿದರೆ ಮಾತ್ರ ಈಗಲೂ ಮುಖ ತಿರುಗಿಸುತ್ತಾರೆ. ಪಟ್ಟು ಅಂದರೆ ಪಟ್ಟು. ನೀನೇನು ಕಡಿಮೆಯೇ? ಇದನ್ನೆಲ್ಲ ಅಕ್ಕ ಕಟ್ಟಿದ ಕಥೆ ಅನ್ನುತ್ತೀಯ, ನನಗೆ ಗೊತ್ತು.

ಇಬ್ಬರೂ ನೂರು ಕಾಲ ಚೆನ್ನಾಗಿರಿ. ಅವಳ ತಲೆ ಸವರಿ, ನಿನ್ನ ಕಿವಿ ಹಿಂಡಿ,

ನಿನ್ನ ಅಕ್ಕ

ಮರೆತೇಬಿಟ್ಟಿದ್ದೆ: ಭಾವ ಅಪ್ಪನಿಗೆ ಕಿವಿಯ ಮಿಷನ್ನಿಗೆ ಹೇಳಿದ್ದಾರೆ, ತಿಂಗಳ ಕೊನೆಗೆ ಬರುತ್ತದೆ. ತಮ್ಮ ದನಿ ತಮಗೇ ಕೇಳಿಸಿದ ಮೇಲೆ ಅಪ್ಪ ಮತ್ತೆ ತುಟಿಯಷ್ಟೇ ಅಲ್ಲಾಡಿಸುತ್ತಾರೆ. ಅಷ್ಟರೊಳಗೆ ಬಾರೋ, ಅವಳನ್ನೂ ಕರೆದುಕೊಂಡು ಬಾ. ಅಪ್ಪನ ಬೆನ್ನ ಹಿಂದೆ ನಿಂತು ಒಂದು ಸಲ ನೀನೇ ಕೇಳು. ಆಮೇಲೂ ಹೋಗುವುದಾದರೆ ಹೋಗು, ನಾನು ತಡೆಯುವುದಿಲ್ಲ.