ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀಯಲ್ಲ

ಮೂಡಿಗೆರೆ
೧೪ ಆಗಸ್ಟ್ ೨೦೦೫, ಭಾನುವಾರ

ಪ್ರೀತಿಯ ರಕ್ಷಾ,

ನಿನ್ನ ಕಾಗದ ಬಂದು ಒಂದು ತಿಂಗಳಾಯಿತು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಪರೀಕ್ಷೆ ಇತ್ತು, ಜ್ವರ ಬಂದಿತ್ತು ಅಂತ ಬರೆಯಬಹುದು. ಎರಡೂ ಸುಳ್ಳು. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹರಿದು ಹಾಕಿದೆ. ಇಲ್ಲಿ ಎಲ್ಲರೂ ಆರಾಮ. ಅಮ್ಮಿಗೆ ಮಂಡಿನೋವು ಹಾಗೇ ಇದೆ. ನಾನು ಇಲ್ಲೇ ಬಿ.ಕಾಂ. ಸೇರಿದ್ದೇನೆ. ಎರಡೂವರೆ ವರ್ಷದ ಮೇಲೆ ಕವರಿನ ಮೇಲೆ ನಿನ್ನ ಅಕ್ಷರ ನೋಡಿ ಪೋಸ್ಟ್‌ಮ್ಯಾನ್ ಚೌಡಯ್ಯನವರ ಎದುರಿಗೇ ಕುಣಿದುಬಿಟ್ಟೆ. 'ಏನಮ್ಮ, ಕೆಲ್ಸ ಸಿಕ್ತಾ?' ಅಂತ ಕೇಳಿದರು ಪಾಪ.

ಒಡೆದು ಓದಿದ ಮೇಲೆ ಕುಣಿತ ನಿಂತಿತು. ಮೈಸೂರಿನ ನಿನ್ನ ಹಾಸ್ಟೆಲಿನಲ್ಲಿ ರೂಪಶ್ರೀ ಅನ್ನುವವಳ ಹತ್ತಿರ ಕಂಪ್ಯೂಟರ್ ಇದೆ, ಎಲ್ಲರೂ ಸೇರಿ ಜಪಾನಿನ ಹೊಡೆದಾಟದ ಕಾರ್ಟೂನು ನೋಡುತ್ತಾರೆ, ಅದಕ್ಕೆ ಆನಿಮೆ ಅನ್ನುತ್ತಾರೆ ಅಂತ ಬರೆದಿದ್ದೀಯ. 'ನಾನೊಬ್ಳೇ ಪೆದ್ದಿ ಥರ ಕೂತಿರ್ತೀನಿ ಕಣೇ. ನಿಂಗೊತ್ತಲ್ಲ, ನಾನು ಅದನ್ನೆಲ್ಲ ಯಾವತ್ತೂ ನೋಡಿದವಳಲ್ಲ. ನೀನು ನೋಡ್ತಿದ್ದೆ. ಎಲ್ಲಿಂದ ಶುರು ಮಾಡ್ಲಿ, ಬರಿ' ಅಂತ ಕೇಳಿದ್ದೀಯ.

ಸರಿ ಮಾರಾಯ್ತಿ, ಬರೆಯುತ್ತೇನೆ.

ಮೊದಲಿಗೇ ಮುನ್ನೂರು ಕಂತಿನದಕ್ಕೆ ಕೈ ಹಾಕಬೇಡ. ಇಪ್ಪತ್ತೈದಕ್ಕೆ ಮುಗಿಯುವುದನ್ನು ಹಿಡಿ. ಮೊದಲ ಮೂರು ಕಂತಿನಲ್ಲಿ ಹೊಡೆದಾಟವೇ ಇರುವುದಿಲ್ಲ, ಬರೀ ಊರು, ಊಟ, ಶಾಲೆ. ಬೇಜಾರಾಯಿತು ಅಂತ ಮುಂದಕ್ಕೆ ಓಡಿಸಬೇಡ. ಯಾರಿಗಾಗಿ ಹೊಡೆದಾಡುತ್ತಾರೆ ಅಂತ ಗೊತ್ತಿಲ್ಲದಿದ್ದರೆ ಹೊಡೆದಾಟಕ್ಕೆ ರುಚಿಯೇ ಇಲ್ಲ. ಕತ್ತಿ ಎತ್ತಿದವರು ಹೊಡೆಯದೆ ಐದು ನಿಮಿಷ ಮಾತಾಡುತ್ತಾರೆ, ಆಗ ನಗಬೇಡ. ನೀನು ನಗುತ್ತಿದ್ದೆ. ಇಲ್ಲಿ ನೆಟ್ ಸೆಂಟರಿನ ಮೋಹಿತ್ ಅಣ್ಣ ಸಿ.ಡಿ. ತರಿಸಿಕೊಡುತ್ತಾರೆ. ನಾನು ಈಗ ಜಪಾನಿ ದನಿಯಲ್ಲೇ ಕೇಳುತ್ತೇನೆ, ಕೆಳಗೆ ಇಂಗ್ಲಿಷ್ ಅಕ್ಷರ ಬರುತ್ತದೆ. ಯಾರೂ ಪಕ್ಕದಲ್ಲಿ ಕೂತು ಅರ್ಥ ಹೇಳಬೇಕಾಗಿಲ್ಲ.

ಹೌದು, ಅರ್ಥ ಹೇಳುತ್ತಿದ್ದವಳು ನಾನು. ಯಾವತ್ತೂ ನೋಡಿದವಳಲ್ಲವಂತೆ! ನಿನ್ನ ಬಾಯಿಗೆ ಸ್ವಲ್ಪವಾದರೂ ನಾಚಿಕೆ ಬೇಡವಾ? ಒಂಬತ್ತನೇ ಕ್ಲಾಸಿನಲ್ಲಿ ನಿಮ್ಮ ಎಸ್ಟೇಟಿನ ಮನೆಗೆ ಡಿಶ್ ಬಂತು. ಚಾನೆಲ್ ಬದಲಾಯಿಸುತ್ತಾ ಹೋದಾಗ ಇಂಥದೇ ಒಂದು ಕಾರ್ಟೂನಿನಲ್ಲಿ ಸೇತುವೆ ಕಾಯುವ ಒಂಟಿಗೈ ಹೆಂಗಸೊಬ್ಬಳು ಸಿಕ್ಕಿದಳು. 'ಇರೇ, ಇರೇ, ಬದಲಾಯಿಸ್ಬೇಡ' ಅಂದವಳು ನೀನು. ಹಿಂದಿ ಮಾತು ಮಳೆ ಹುಯ್ದ ಹಾಗೆ ಬರುತ್ತಿತ್ತು, ನಿನಗೆ ತಲೆಬುಡ ತಿಳಿಯುತ್ತಿರಲಿಲ್ಲ. ನಮ್ಮ ಮನೆಯ ಮಾತು ಉರ್ದು, ನನಗೆ ತಿಳಿಯುತ್ತಿತ್ತು. ಅವಳು ಬಾಯಿ ತೆರೆದಳೋ ಇಲ್ಲವೋ, ನಾನು ಕನ್ನಡದಲ್ಲಿ ಹೇಳಬೇಕು. ಒಂದೂವರೆ ವರ್ಷ ಹೇಳಿದೆ ರಕ್ಷಾ. ನಿಮ್ಮಜ್ಜಿ ಶಂಕರಮ್ಮನವರು ಕೂಡ ಅಡಿಕೆ ಕತ್ತರಿಸುತ್ತಾ, 'ಆ ಕೈಯಿಲ್ದೋಳು ಇವತ್ತು ಗೆದ್ಲೇನೇ?' ಅಂತ ನನ್ನನ್ನೇ ಕೇಳುತ್ತಿದ್ದರು.

ಹತ್ತನೇ ಕ್ಲಾಸಿನ ಆ ಜನವರಿಯ ಶನಿವಾರವನ್ನೂ ಮರೆತಿದ್ದೀಯಾ? ಕಣದಲ್ಲಿ ಪಾರ್ಚ್‌ಮೆಂಟ್ ಹರಡಿತ್ತು, ಮೂರು ದಿನ ಒಣಗಿದ ಕಾಫಿ. ಆಳುಗಳೆಲ್ಲ ಮೇಲಿನ ತೋಟದಲ್ಲಿ ಹಣ್ಣು ಕೊಯ್ಯುತ್ತಿದ್ದರು. ಅಬ್ಬಾ ಕೆಳಗೆ ಹಳ್ಳದ ಪಕ್ಕ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮಿಷಿನಿನ ರಿಪೇರಿಗೆ ಕೂತಿದ್ದರು. ಆಳುಗಳ ಲೆಕ್ಕ ಬರೆಯುವ ರೈಟರ್ ತಮ್ಮಯ್ಯನವರು ತೋಟಕ್ಕೆ ಹೋಗುವಾಗ ನಮ್ಮಿಬ್ಬರಿಗೂ ಹೇಳಿದ್ದರು, 'ಮೋಡ ಕಂಡ್ರೆ ಕಂಬಿ ಬಾರಿಸ್ರಮ್ಮ, ನಾವು ಓಡಿ ಬರ್ತೀವಿ.' ಕಣದ ಮೂಲೆಯಲ್ಲಿ ತೂಗುಹಾಕಿದ್ದ ಆ ರೈಲು ಕಂಬಿಯನ್ನು ಎರಡೇಟು ಹೊಡೆದರೆ ಸಾಕಿತ್ತು. ಆಳುಗಳು ಬಂದು ಕಾಫಿ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚುತ್ತಿದ್ದರು.

ಅವತ್ತು ಸೇತುವೆಯವಳ ಕೊನೆಯ ಕಾಳಗ. ಕಿಟಕಿ ಕಪ್ಪಾದದ್ದು ನಾನು ನೋಡಿದೆ. 'ರಕ್ಷಾ, ಮೋಡ ಕಣೇ' ಅಂತ ಎದ್ದೆ. ನೀನು ಕೈ ಹಿಡಿದು ಎಳೆದು ಕೂರಿಸಿದೆ. 'ಜನವರೀಲಿ ಎಂಥ ಮಳೆ? ಐದ್ನಿಮಿಷ ಕೂರು ಮಾರಾಯ್ತಿ. ಅವ್ಳು ಏನಂದ್ಲು ಹೇಳು ಮೊದ್ಲು' ಅಂದೆ. ನಾನು ಹೇಳುತ್ತಾ ಕೂತೆ. ಅದು ನನ್ನ ತಪ್ಪು, ಒಪ್ಪುತ್ತೇನೆ. ಹೆಂಚಿನ ಮೇಲೆ ಸದ್ದು ಕೇಳಿ ಓಡಿ ಹೋಗುವಷ್ಟರಲ್ಲಿ ಕಣದ ತುಂಬ ನೀರು. ಕಾಫಿ ಚರಂಡಿಗೆ ಹರಿಯುತ್ತಿತ್ತು. ಇಬ್ಬರೂ ಬರಿಗೈಯಲ್ಲಿ ಬಾಚಿದೆವು, ನೆನಪಿದೆಯಾ?

ಆಮೇಲೆ ನಿಮ್ಮಪ್ಪ ಬಂದರು. ಶಶಿಧರ್ ಅಂಕಲ್ ಅಷ್ಟು ಸಿಟ್ಟಾದದ್ದು ನಾನು ನೋಡಿರಲಿಲ್ಲ. 'ಕಂಬಿ ಯಾಕೆ ಬಾರಿಸ್ಲಿಲ್ಲ?' ಅಂತ ಕೇಳಿದರು. ನೀನು ನನ್ನ ಮುಖ ಕೂಡ ನೋಡಲಿಲ್ಲ. 'ನಾನು ಒಳಗೆ ಓದ್ಕೊಳ್ತಿದ್ದೆ ಅಪ್ಪ. ಇಲ್ಮಾ ನೋಡ್ಕೋತೀನಿ ಅಂದಿದ್ಲು. ಅವಳೊಬ್ಳೇ ಟಿ.ವಿ. ಮುಂದೆ ಕೂತಿದ್ಲು' ಅಂದೆ. ಪಟಪಟ ಅಂತ, ಒಂದು ತೊದಲೂ ಇಲ್ಲದೆ. ಅಬ್ಬಾ ಗ್ರೀಸಿನ ಕೈಯಲ್ಲೇ ಮೇಲೆ ಬಂದಿದ್ದರು. ನಿಮ್ಮಪ್ಪನಿಗೆ ಕೈಮುಗಿದು, 'ತಪ್ಪಾಯ್ತು ಸಾಹುಕಾರ್ರೇ, ನಮ್ಮುಡುಗಿ ಮಾಡಿದ್ದು' ಅಂದರು. ನೀನು ಬಾಗಿಲಲ್ಲೇ ನಿಂತಿದ್ದೆ. ಹನ್ನೆರಡು ವರ್ಷ ನಿಮ್ಮ ಎಸ್ಟೇಟಿನ ಮಿಷಿನು ನೋಡಿಕೊಂಡ ಮನುಷ್ಯನನ್ನು ಮುಂದಿನ ಕೊಯ್ಲಿಗೆ ಕರೆಯಲಿಲ್ಲ. ಸೋಮವಾರ ನೀನು ಬಂದು ಏನಾದರೂ ಹೇಳುತ್ತೀಯ ಅಂತ ಶಾಲೆಯ ಗೇಟಿನಲ್ಲಿ ಕಾದೆ. ನೀನು ಹಿಂದಿನ ಬೆಂಚಿಗೆ ಹೋಗಿ ಕೂತೆ.

ಅಪ್ಪನ ಭಯಕ್ಕೆ ಅವತ್ತು ಸುಳ್ಳು ಹೇಳಿದೆ ಅಂದರೆ ಅರ್ಥವಾಗುತ್ತದೆ. ಹದಿನೈದು ವರ್ಷದವಳು, ಬಾಯಿಗೆ ಬಂದದ್ದು ಹೇಳಿದೆ. ಆದರೆ ಈಗ ಯಾರ ಭಯ? ಮೈಸೂರಿನಲ್ಲಿ ಕೂತು, ನನಗೇ, ನಾನು ನೋಡಿದವಳಲ್ಲ ಅಂತ ಬರೆಯುತ್ತೀಯಲ್ಲ! ಹೇಳಿ ಹೇಳಿ ನೀನೇ ನಂಬಿಬಿಟ್ಟೆಯಾ? ಆ ಒಂದೂವರೆ ವರ್ಷ ನಾನು ಯಾರ ಪಕ್ಕ ಕೂತಿದ್ದೆ ಹಾಗಾದರೆ?

ಹೋಗಲಿ. ಇನ್ನೊಂದು ಹೇಳಬೇಕಿತ್ತು. ಒಬ್ಬಳೇ ನೋಡಬೇಡ, ಜೊತೆಗೆ ಯಾರಾದರೂ ಇರಲಿ. ರೂಪಶ್ರೀ ಒಳ್ಳೆಯವಳ ಹಾಗೆ ಕಾಣುತ್ತಾಳೆ, ಅವಳ ಜೊತೆ ಚೆನ್ನಾಗಿರು. ಅಜ್ಜಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು, ಚೆನ್ನಾಗಿ ಓದು. ನಿನಗೆ ಒಳ್ಳೆಯದಾಗಲಿ ಅಂತಲೇ ಕೇಳಿಕೊಳ್ಳುತ್ತೇನೆ, ಎಷ್ಟು ಸಿಟ್ಟಿದ್ದರೂ ಬೇರೆ ಥರ ಕೇಳಲು ಬರುವುದಿಲ್ಲ.

ಇಂತಿ,
ಇಲ್ಮಾ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಅಂದುಕೊಂಡಿದ್ದೆ. ಅವತ್ತು ಮನೆಗೆ ಹೋಗುವಾಗ ಅಬ್ಬಾ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನ ಹತ್ತಿರ ಜೀಪು ನಿಲ್ಲಿಸಿ ಕೇಳಿದರು, 'ನಿಜ ಹೇಳು ಬೇಟಾ. ನೀನೊಬ್ಳೇ ಇದ್ಯಾ?' ಇಲ್ಲ ಅಂದಿದ್ದರೆ ಅಲ್ಲಿಂದಲೇ ಜೀಪು ತಿರುಗಿಸಿ ನಿಮ್ಮಪ್ಪನನ್ನು ಕೇಳುತ್ತಿದ್ದರು. ನಿನಗೆ ಏಟು ಬೀಳುತ್ತದಲ್ಲ ಅಂತ, 'ಹೌದು, ನಾನೊಬ್ಳೇ' ಅಂದೆ. ಅಬ್ಬಾ ಬೈಯಲಿಲ್ಲ. ಅದಕ್ಕೆ ಮೊದಲು ಸಂಜೆ ನಮಾಜಿಗೆ ಹೋಗುವಾಗ ನಮ್ಮ ಗ್ಯಾರೇಜಿನ ಬೀಗದ ಕೈ ನನಗೆ ಕೊಟ್ಟು ಹೋಗುತ್ತಿದ್ದರು. ಈಗ ಎದುರಿನ ಹೋಟೆಲಿನ ಲಿಂಗಪ್ಪನವರಿಗೆ ಕೊಟ್ಟು ಹೋಗುತ್ತಾರೆ. ನಾನು ಅಲ್ಲೇ ನಿಂತಿರುತ್ತೇನೆ ರಕ್ಷಾ.